ಬುಡಗಂಟಿನ ಬ್ಯಾಕ್ಟೀರಿಯಾ: ಆಗ್ರೋಬ್ಯಾಕ್ಟೀರಿಯಂ ಮತ್ತು ಅದರ ಜೀನೋಮ್

ಆಗ್ರೋಬ್ಯಾಕ್ಟೀರಿಯಂ ಟ್ಯೂಮಿಫೇಸಿಯನ್ಸ್ ಹೊಲದ ಮಣ್ಣಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ. ಕುಡುಗೋಲೋ ಗುದ್ದಲಿಯೋ ತಾಗಿ ಗಿಡಕ್ಕೆ ಗಾಯವಾದರೆ ಅಲ್ಲಿಂದ ಒಳನುಗ್ಗಿ, ಕಾಂಡ ಮಣ್ಣಿಗಿಳಿಯುವ ಬುಡದಲ್ಲಿ ಗಂಟು ಎಬ್ಬಿಸುತ್ತದೆ. ಇಂಗ್ಲಿಷಿನವರು ಇದನ್ನು ಕ್ರೌನ್ ಗಾಲ್ ಎಂದರು. ಕನ್ನಡಕ್ಕೆ ಬುಡಗಂಟು ರೋಗ ಎಂದರೆ ಒಪ್ಪುತ್ತದೆ. ಗಿಡಕ್ಕೆ ಗಂಟು ಬರಿಸುವ ಜೀವಿಗಳು ಬೇಕಾದಷ್ಟಿವೆ. ಇದರ ಹೆಚ್ಚುಗಾರಿಕೆಯೇ ಬೇರೆ. ಗಂಟು ಕಟ್ಟಿಸುವುದಕ್ಕೆಂದು ಇದು ತನ್ನ ಡಿಎನ್‌ಎಯ ಒಂದು ತುಂಡನ್ನು ಗಿಡದ ವರ್ಣತಂತುವಿಗೇ ಹೊಲಿದುಬಿಡುತ್ತದೆ. ಈ ಕಸುಬನ್ನು ಕಂಡುಹಿಡಿದ ಮನುಷ್ಯ ಅದೇ ಬ್ಯಾಕ್ಟೀರಿಯಾವನ್ನು ಕೂಲಿಗೆ ಹಿಡಿದ. ಕೀಟ ಕೊಲ್ಲುವ ಜೀನು ಹೊತ್ತ ಬಿಟಿ ಹತ್ತಿ, ಬಿಟಿ ಬದನೆ, ಜೊತೆಗೆ ಕುಲಾಂತರಿ ಸಾಸಿವೆ ಹುಟ್ಟಿದ್ದು ಹಾಗೆ. ಕೂಲಿಯಾಳಿನ ಪೂರ್ತಿ ಜಾತಕ, ಅಂದರೆ ಜೀನೋಮ್, ಓದಿ ಮುಗಿದದ್ದು 2001ರಲ್ಲಿ.

ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿ ನಿಂತು ಈ ಕಥೆಯನ್ನು ನೋಡುವುದಕ್ಕೆ ಕಾರಣವಿದೆ. ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವು ಹತ್ತಿ, ಹಾಸನೂರಿನ ಕಾಡು ದಾಟಿದರೆ ಸಿಗುವ ಈ ನಾಡಿನ ಮನೆಮಾತು ಕನ್ನಡ. ಆ ಕಡೆ ಘಟ್ಟ ಇಳಿಯಬೇಕು. ಈ ಕಡೆ ಚಾಮರಾಜನಗರಕ್ಕೆ ಘಟ್ಟವೇ ಇಲ್ಲ. 1956ರ ರಾಜ್ಯ ಮರುವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ವರನಟ ರಾಜ್‌ಕುಮಾರ್ ಅವರ ದೊಡ್ಡಗಾಜನೂರು ಇರುವುದು ಇಲ್ಲೇ. ಕೋಸು, ಆಲೂಗಡ್ಡೆ, ಬೀಟ್‌ರೂಟ್, ಬೆಳ್ಳುಳ್ಳಿ, ಅರಿಶಿನ, ಬಾಳೆ, ಮುಸುಕಿನ ಜೋಳ, ರಾಗಿ ಬೆಳೆಯುವ ಇಲ್ಲಿನ ರೈತನಿಗೆ ಸರಕಾರಿ ಕಾಗದ ಬರುವುದು ತಮಿಳಿನಲ್ಲಿ. ಬೇಸಾಯದ ಮಾತು ನಡೆಯುವುದು ಕನ್ನಡದಲ್ಲಿ. ಬಿಟಿ ಬದನೆಯ ವಿಷಯದಲ್ಲಂತೂ ಎರಡೂ ಕಡೆಯ ಕೃಷಿ ವಿಶ್ವವಿದ್ಯಾಲಯಗಳು, ಕೊಯಮತ್ತೂರಿನದೂ ಧಾರವಾಡದದೂ, ಒಂದೇ ಜೀನನ್ನು ತಮ್ಮ ತಮ್ಮ ನಾಟಿ ತಳಿಗಳಿಗೆ ಸೇರಿಸಲು ಹೊರಟಿದ್ದವು. ಅದು ಮುಂದೆ.

ಮೊದಲು ಗಂಟು. ಟೊಮೆಟೊ, ಬದನೆ, ಬೀಟ್‌ರೂಟ್ ಗಿಡ ಬಾಡಿತೆಂದು ಕಿತ್ತು ನೋಡಿದರೆ ಬೇರಿನುದ್ದಕ್ಕೂ ಮಣಿ ಪೋಣಿಸಿದಂತೆ ಉಬ್ಬು ಕಾಣುವುದುಂಟು. ಅದು ಸಾಮಾನ್ಯವಾಗಿ ಬೇರುಗಂಟು ಜಂತುಹುಳುವಿನ ಕೆಲಸ. ಬ್ಯಾಕ್ಟೀರಿಯಾಕ್ಕೂ ಅದಕ್ಕೂ ನಂಟಿಲ್ಲ. ಕೋಸಿನ ಬೇರು ಗದೆಯಂತೆ ದಪ್ಪಗಾದರೆ ಅದು ಮತ್ತೊಂದು ರೋಗ. ದ್ವಿದಳ ಬೆಳೆಗಳಾದ ಅವರೆ, ಹುರುಳಿ, ಬೀನ್ಸ್ ಬೇರಿನ ಗಂಟಂತೂ ರೋಗವೇ ಅಲ್ಲ, ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ಕಾರ್ಖಾನೆ. ಒಂದನ್ನು ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು. ಬುಡಗಂಟಿನ ಚಹರೆ ಬೇರೆಯೇ. ಗುಲಾಬಿ, ದ್ರಾಕ್ಷಿ, ಚೆರ್ರಿ, ಬಾದಾಮಿಯಂಥ ಗಿಡಗಳಲ್ಲಿ ಮಣ್ಣಿನ ಮಟ್ಟಕ್ಕೆ, ಇಲ್ಲವೇ ಕಸಿ ಕಟ್ಟಿದ ಜಾಗದಲ್ಲಿ, ಮೊದಲು ಬಟಾಣಿಯಷ್ಟು ಮೆತ್ತಗಿನ ಬಿಳಿ ಉಂಡೆ. ಬರಬರುತ್ತ ಅದು ಕಂದಾಗಿ, ಬಿರುಕುಬಿಟ್ಟು, ಮರದ ತೊಗಟೆಯಂತೆ ಒರಟಾಗುತ್ತದೆ. ಚಾಕುವಿನಿಂದ ಕೊಯ್ದರೆ ಒಳಗೆ ಹುಳುವೂ ಇಲ್ಲ, ಮೊಟ್ಟೆಯೂ ಇಲ್ಲ. ಎತ್ತ ಬೆಳೆಯಬೇಕೆಂಬುದು ಮರೆತುಹೋದ ಗಿಡದ ಕೋಶಗಳೇ ಅಲ್ಲಿ ತುಂಬಿರುತ್ತವೆ.

ಇಟಲಿಯ ಫ್ರಿಡಿಯಾನೊ ಕವಾರಾ ದ್ರಾಕ್ಷಿಯ ಗಂಟಿನಿಂದ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ್ದು 1897ರಲ್ಲಿ. ಅಮೆರಿಕದ ಕೃಷಿ ಇಲಾಖೆಯ ಅರ್ವಿನ್ ಸ್ಮಿತ್ ಮತ್ತು ಚಾರ್ಲ್ಸ್ ಟೌನ್‌ಸೆಂಡ್ 1907ರಲ್ಲಿ ಡೈಸಿ ಹೂವಿನ ಗಿಡದ ಗಂಟಿಗೆ ಇದೇ ಕಾರಣವೆಂದು ತೋರಿಸಿದರು. ಮನುಷ್ಯರ ಕ್ಯಾನ್ಸರಿಗೂ ಇಂಥದೇ ಮೂಲವಿದ್ದೀತೆಂಬ ಆಸೆ ಸ್ಮಿತ್‌ಗೆ ಕೊನೆಯವರೆಗೂ ಇತ್ತು. ಆ ಆಸೆ ಕೈಗೂಡಲಿಲ್ಲ, ಆದರೆ ಅದರ ದೆಸೆಯಿಂದ ಒಂದು ಕ್ಷುಲ್ಲಕ ಗಿಡರೋಗಕ್ಕೆ ದೊಡ್ಡ ಪ್ರಯೋಗಾಲಯಗಳ ಬಾಗಿಲು ತೆರೆಯಿತು.

1940ರ ದಶಕದಲ್ಲಿ ರಾಕ್‌ಫೆಲರ್ ಸಂಸ್ಥೆಯ ಆರ್ಮಿನ್ ಬ್ರೌನ್ ಮಾಡಿದ ಪ್ರಯೋಗ ಇಡೀ ವಿಷಯದ ಕೀಲಿ. ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನೆಲ್ಲ ಕೊಂದ ಮೇಲೂ ಗಂಟು ಬೆಳೆಯುತ್ತಲೇ ಇತ್ತು. ಮಾಮೂಲಿ ಗಿಡದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಬೇಕಾದರೆ ಹಾರ್ಮೋನ್ ಹಾಕಬೇಕು; ಗಂಟಿನ ಕೋಶಗಳಿಗೆ ಅದೂ ಬೇಡ. ಬಂದವನು ಹೊರಟುಹೋಗಿದ್ದಾನೆ, ಕೊಟ್ಟುಹೋದದ್ದು ಮಾತ್ರ ಒಳಗೆ ಉಳಿದಿದೆ. ಏನು ಕೊಟ್ಟ ಎಂಬುದು ತಿಳಿಯಲು ಮೂವತ್ತು ವರ್ಷ ಬೇಕಾಯಿತು. 1974ರಲ್ಲಿ ಬೆಲ್ಜಿಯಂನ ಗೆಂಟ್ ನಗರದ ಜೆಫ್ ಶೆಲ್, ಮಾರ್ಕ್ ವಾನ್ ಮೊಂಟಾಗು ತಂಡ ಗಂಟು ಬರಿಸುವ ಬ್ಯಾಕ್ಟೀರಿಯಾಗಳಲ್ಲೆಲ್ಲ ಒಂದು ದೊಡ್ಡ ಉಂಗುರದಾಕಾರದ ಡಿಎನ್‌ಎ ಇರುವುದನ್ನು ಕಂಡಿತು. ಅದೇ ಟಿಐ ಪ್ಲಾಸ್ಮಿಡ್. 1977ರಲ್ಲಿ ಸಿಯಾಟಲ್‌ನ ಮೇರಿ ಡೆಲ್ ಚಿಲ್ಟನ್, ಯೂಜೀನ್ ನೆಸ್ಟರ್, ಮಿಲ್ಟನ್ ಗಾರ್ಡನ್ ಆ ಪ್ಲಾಸ್ಮಿಡ್ಡಿನ ಒಂದು ಚೂರು ಗಿಡದ ಕೋಶದಲ್ಲೇ ನೆಲೆಸಿರುವುದನ್ನು ತೋರಿಸಿದರು. ಬ್ಯಾಕ್ಟೀರಿಯಾ ಗಿಡಕ್ಕೆ ಡಿಎನ್‌ಎ ಕೊಡುತ್ತದೆಂಬ ಮಾತನ್ನು ಸುಳ್ಳೆಂದು ತೋರಿಸುವುದಕ್ಕೇ ಚಿಲ್ಟನ್ ಹೊರಟಿದ್ದು ಎಂಬುದು ಸೊಗಸಾದ ಸಂಗತಿ. ಆರು ವರ್ಷದ ನಂತರ, 1983ರ ಜನವರಿಯಲ್ಲಿ, ಮಯಾಮಿಯ ಒಂದೇ ವಿಚಾರಗೋಷ್ಠಿಯಲ್ಲಿ ಮೂರು ತಂಡಗಳು ಎದ್ದುನಿಂತು ಇದೇ ದಾರಿಯಲ್ಲಿ ಬೇರೆ ಜೀವಿಯ ಜೀನನ್ನು ಗಿಡದ ಕೋಶಕ್ಕೆ ಸೇರಿಸಿದ್ದೇವೆ ಎಂದವು: ಶೆಲ್ ಮತ್ತು ವಾನ್ ಮೊಂಟಾಗು, ಚಿಲ್ಟನ್, ಮೊನ್ಸಾಂಟೋ ಕಂಪನಿಯ ರಾಬರ್ಟ್ ಫ್ರೇಲಿ ಮತ್ತು ಸಂಗಡಿಗರು. ಮೂವರಲ್ಲಿ ಯಾರು ಮೊದಲು ಎಂಬ ಪೇಟೆಂಟ್ ಜಗಳ 2005ರವರೆಗೂ ಎಳೆಯಿತು.

ಬ್ಯಾಕ್ಟೀರಿಯಾ ಈ ಕೆಲಸವನ್ನು ಹೇಗೆ ಮಾಡುತ್ತದೆ? ಗಾಯವಾದ ಗಿಡ ಅಸಿಟೋಸಿರಿಂಗೋನ್ ಎಂಬಂಥ ರಸಗಳನ್ನು ಒಸರುತ್ತದೆ. ಬ್ಯಾಕ್ಟೀರಿಯಾದ ಮೈಮೇಲಿನ ಒಂದು ಪ್ರೋಟೀನು ಆ ವಾಸನೆ ಹಿಡಿದು ಒಳಕ್ಕೆ ಸುದ್ದಿ ಮುಟ್ಟಿಸುತ್ತದೆ. ಆಗ ವಿರ್ ಎಂಬ ಹೆಸರಿನ ಜೀನುಗಳ ಪಡೆ ಎದ್ದೇಳುತ್ತದೆ. ಟಿಐ ಪ್ಲಾಸ್ಮಿಡ್ಡಿನಲ್ಲಿ ಎರಡು ಕಡೆ ಡಿಎನ್‌ಎಯ 25 ಅಕ್ಷರಗಳ ಒಂದೇ ಬಗೆಯ ಗಡಿಗುರುತುಗಳಿವೆ. ಅವುಗಳ ನಡುವಿನ ಭಾಗವೇ ಟಿ-ಡಿಎನ್‌ಎ. ಒಂದು ಪ್ರೋಟೀನು ಗಡಿಗಲ್ಲಿನಲ್ಲಿ ಕತ್ತರಿಸಿ ಎಳೆಯ ತುದಿಗೆ ತಾನೇ ಅಂಟಿಕೊಳ್ಳುತ್ತದೆ. ಹನ್ನೊಂದು ಜೀನುಗಳು ಸೇರಿ ಕಟ್ಟಿದ ಕೊಳವೆಯ ಮೂಲಕ ಆ ಎಳೆ ಗಿಡದ ಕೋಶಕ್ಕೆ ಹೋಗುತ್ತದೆ. ಮತ್ತೊಂದು ಪ್ರೋಟೀನು ದಾರಿಯಲ್ಲಿ ಅದಕ್ಕೆ ಹೊದಿಕೆ ಹೊದಿಸುತ್ತದೆ. ಕೋಶಕೇಂದ್ರ ಮುಟ್ಟಿದ ಎಳೆ ಗಿಡದ ವರ್ಣತಂತುವಿನಲ್ಲಿ ಎಲ್ಲೋ ಒಂದು ಕಡೆ ಸೇರಿಕೊಳ್ಳುತ್ತದೆ.

ಅಲ್ಲಿಂದ ಗಿಡ ಪರರ ಮಾತು ಕೇಳುತ್ತದೆ. ಟಿ-ಡಿಎನ್‌ಎಯ ಕೆಲವು ಜೀನುಗಳು ಆಕ್ಸಿನ್, ಸೈಟೋಕೈನಿನ್ ಹಾರ್ಮೋನುಗಳನ್ನು ಸುರಿಸಿ ಕೋಶಗಳನ್ನು ಹದ್ದುಮೀರಿ ಬೆಳೆಸುತ್ತವೆ. ಇನ್ನೊಂದು ಜೀನು ಆಪೈನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಗಿಡಕ್ಕೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಅದನ್ನು ತಿಂದು ಅರಗಿಸಿಕೊಳ್ಳಬಲ್ಲದ್ದು ಮುಖ್ಯವಾಗಿ ಈ ಬ್ಯಾಕ್ಟೀರಿಯಾವೇ. ನೆಂಟನಾಗಿ ಬಂದವನು ಅಡುಗೆಮನೆ ಹಿಡಿದು, ತನಗೊಬ್ಬನಿಗೇ ರುಚಿಸುವ ಅಡುಗೆಯನ್ನು ಮನೆಯವರ ಕೈಯಲ್ಲೇ ಮಾಡಿಸಿ ಉಂಡ ಹಾಗೆ. ಜೀನ್ ಎಂಜಿನಿಯರುಗಳು ಮಾಡಿದ್ದಿಷ್ಟು: ಎರಡು ಗಡಿಗುರುತುಗಳನ್ನು ಹಾಗೇ ಬಿಟ್ಟು, ನಡುವಿನ ಗಂಟಿನ ಜೀನುಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಜೀನು ಇಟ್ಟರು. ಬ್ಯಾಕ್ಟೀರಿಯಾಕ್ಕೆ ಮೂಟೆಯೊಳಗೆ ಏನಿದೆ ಎಂಬುದು ಲೆಕ್ಕಕ್ಕಿಲ್ಲ, ಗಡಿಗುರುತು ಸರಿಯಿದ್ದರೆ ಸಾಗಿಸುತ್ತದೆ.

ಇಷ್ಟೆಲ್ಲ ಗೊತ್ತಿದ್ದರೂ ಇಡೀ ಜೀನೋಮ್ ಓದಿರಲಿಲ್ಲ. ಓದಲು ಆಯ್ಕೆಯಾದದ್ದು ಸಿ58 ಎಂಬ ತಳಿ. 1958ರಲ್ಲಿ ನ್ಯೂಯಾರ್ಕ್ ರಾಜ್ಯದ ಚೆರ್ರಿ ಮರದ ಗಂಟಿನಿಂದ ತೆಗೆದದ್ದು. ಕೆಲಸ ಹಿಡಿದದ್ದು ಒಂದಲ್ಲ, ಎರಡು ತಂಡ. ಒಂದರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೆರೆಕ್ ವುಡ್ ಮತ್ತು ಯೂಜೀನ್ ನೆಸ್ಟರ್, ಡುಪಾಂಟ್ ಕಂಪನಿ, ಬ್ರೆಜಿಲ್‌ನ ಕಂಪಿನಾಸ್ ವಿಶ್ವವಿದ್ಯಾಲಯ. ಇನ್ನೊಂದರಲ್ಲಿ ಬ್ರಾಡ್ ಗುಡ್ನರ್, ಸ್ಟೀವನ್ ಸ್ಲೇಟರ್, ಮೊನ್ಸಾಂಟೋ ಬಳಗ ಮತ್ತು ಒಹಾಯೊದ ಹೈರಮ್ ಎಂಬ ಪುಟ್ಟ ಕಾಲೇಜು. ಎರಡೂ ಲೇಖನಗಳು 2001ರ ಡಿಸೆಂಬರ್ 14ರ ಸೈನ್ಸ್ ಪತ್ರಿಕೆಯಲ್ಲಿ ಅಕ್ಕಪಕ್ಕದಲ್ಲಿ ಬಂದವು. ಬೀಜದ ವ್ಯಾಪಾರದಲ್ಲಿ ಎದುರಾಳಿಗಳಾದ ಎರಡು ಕಂಪನಿಗಳ ದುಡ್ಡು ಒಂದೇ ಬ್ಯಾಕ್ಟೀರಿಯಾದ ಮೇಲೆ ಬಿದ್ದದ್ದೇ ಅದರ ಬೆಲೆ ಎಷ್ಟೆಂಬುದನ್ನು ಹೇಳುತ್ತದೆ.

ಓದುವ ವಿಧಾನ ಆ ಕಾಲದ ಷಾಟ್‌ಗನ್ ಪದ್ಧತಿ. ಡಿಎನ್‌ಎಯನ್ನು ಎಲ್ಲೆಂದರಲ್ಲಿ ಚೂರು ಮಾಡುವುದು, ಒಂದೊಂದು ಚೂರಿನ ಕೆಲವು ನೂರು ಅಕ್ಷರ ಓದುವುದು, ಒಂದರ ಬಾಲ ಇನ್ನೊಂದರ ತಲೆಗೆ ಹೊಂದುವುದನ್ನು ಕಂಪ್ಯೂಟರಿನಿಂದ ಹುಡುಕಿಸಿ ಜೋಡಿಸುವುದು. ಒಂದೇ ಪುಸ್ತಕದ ಹತ್ತು ಪ್ರತಿಗಳನ್ನು ಹರಿದು ರಾಶಿ ಹಾಕಿ ಒಂದು ಪೂರ್ತಿ ಪ್ರತಿ ಮಾಡಿದಂತೆ. ಸಿಕ್ಕ ಒಟ್ಟು ಉದ್ದ ಸುಮಾರು 56.7 ಲಕ್ಷ ಅಕ್ಷರ, ಅಂದರೆ ಪುಟಕ್ಕೆ 1,500 ಅಕ್ಷರದಂತೆ ಅಚ್ಚು ಹಾಕಿದರೆ 3,800 ಪುಟದ ಹತ್ತಿರ. ಪ್ರೋಟೀನಿನ ಜೀನುಗಳು ಸುಮಾರು 5,400. ಲೋಕವನ್ನೆಲ್ಲ ಕಲಕಿದ ಟಿ-ಡಿಎನ್‌ಎಯ ಪಾಲು ಅದರಲ್ಲಿ ಹದಿನೈದು ಹದಿನಾರು ಪುಟ.

ಈ ಪುಸ್ತಕ ನಾಲ್ಕು ಸಂಪುಟದ್ದು. ದುಂಡಗಿನ ವರ್ಣತಂತು ಒಂದು, 28.4 ಲಕ್ಷ ಅಕ್ಷರ. ಪಿಎಟಿ ಎಂಬ ಪ್ಲಾಸ್ಮಿಡ್, 5.4 ಲಕ್ಷ. ಟಿಐ ಪ್ಲಾಸ್ಮಿಡ್, 2.1 ಲಕ್ಷ. ಉಳಿದ 20.8 ಲಕ್ಷ ಅಕ್ಷರದ ವರ್ಣತಂತು ದುಂಡಗಿಲ್ಲ, ದಾರದಂತೆ ನೇರ. ಬ್ಯಾಕ್ಟೀರಿಯಾಗಳ ವರ್ಣತಂತು ಸಾಮಾನ್ಯವಾಗಿ ಉಂಗುರ; ದಾರಕ್ಕೆ ತುದಿಗಳಿರುತ್ತವೆ, ತುದಿ ಸವೆಯದಂತೆ ಕಾಯಬೇಕು. ಒಂದು ದುಂಡಗೆ, ಒಂದು ನೆಟ್ಟಗೆ ಇರುವುದನ್ನು ಫ್ರಾನ್ಸಿನವರು 1993ರಲ್ಲೇ ಗುರುತಿಸಿದ್ದರು. ಪೂರ್ತಿ ಓದಿದಾಗ ತಿಳಿದದ್ದೆಂದರೆ, ನೆಟ್ಟಗಿರುವುದು ಮೂಲತಃ ವರ್ಣತಂತುವೇ ಅಲ್ಲ. ತನ್ನನ್ನು ನಕಲು ಮಾಡಿಕೊಳ್ಳಲು ಅದು ಬಳಸುವುದು ಪ್ಲಾಸ್ಮಿಡ್ಡುಗಳ ಪದ್ಧತಿಯನ್ನು. ಯಾವಾಗಲೋ ಬಂದು ಸೇರಿದ ಪ್ಲಾಸ್ಮಿಡ್ ಒಂದು, ಕಾಲಕ್ರಮದಲ್ಲಿ ಮನೆಗೆ ಬೇಕಾದ ಜೀನುಗಳನ್ನು ಬಗಲಿಗೆ ಹಾಕಿಕೊಂಡು ಮನೆಯವರಲ್ಲಿ ಒಬ್ಬನಾಗಿದೆ. ಸಾಗಣೆಯ ಪ್ರೋಟೀನುಗಳ ಜೀನುಗಳು ಮಿತಿಮೀರಿ ಸಿಕ್ಕಿದವು. ಮಣ್ಣಿನಲ್ಲಿ ಇವತ್ತು ಸಿಕ್ಕ ಊಟ ನಾಳೆಗಿಲ್ಲ; ಸಿಕ್ಕಸಿಕ್ಕದ್ದನ್ನು ಒಳಗೆಳೆದುಕೊಳ್ಳುವ ಬಾಯಿಗಳು ಅವು.

ಎಲ್ಲಕ್ಕಿಂತ ಸ್ವಾರಸ್ಯ ಇನ್ನೊಂದು. ಅದೇ 2001ರ ಜುಲೈನಲ್ಲಿ ಸೈನೋರೈಜೋಬಿಯಂ ಮೆಲಿಲೋಟಿ ಎಂಬ ಬ್ಯಾಕ್ಟೀರಿಯಾದ ಜೀನೋಮ್ ಪ್ರಕಟವಾಗಿತ್ತು. ಕುದುರೆ ಮೆಂತೆಯಂಥ ಗಿಡಗಳ ಬೇರಿನಲ್ಲಿ ಸಾರಜನಕ ಹಿಡಿಯುವ ಜೀವಿ ಅದು. ಎರಡನ್ನೂ ಎದುರುಬದುರು ಇಟ್ಟಾಗ ದುಂಡು ವರ್ಣತಂತುವಿನ ಉದ್ದಕ್ಕೂ ಜೀನುಗಳು ಬಹುಪಾಲು ಒಂದೇ ಸಾಲಿನಲ್ಲಿ ಕೂತಿದ್ದವು. ತಾಳವಾಡಿಯ ಕಡೆ ಅವರೆ, ಬೀನ್ಸ್ ಬಿತ್ತುವವರಿಗೆ ರೈಜೋಬಿಯಂ ಪೊಟ್ಟಣ ಹೊಸತಲ್ಲ. ಬೆಲ್ಲದ ಪಾಕ ಆರಿಸಿ, ಕರಿ ಪುಡಿ ಬೆರೆಸಿ, ಬೀಜದ ಮೈಗೆಲ್ಲ ಸವರಿ, ನೆರಳಲ್ಲಿ ಗೋಣಿಯ ಮೇಲೆ ಹರಡಿ ಒಣಗಿಸಿ ಬಿತ್ತುವುದು. ಆ ಕರಿ ಪುಡಿಯಲ್ಲಿರುವುದು ಬುಡಗಂಟಿನ ಬ್ಯಾಕ್ಟೀರಿಯಾದ ದಾಯಾದಿ. ಒಬ್ಬನನ್ನು ಬೆಲ್ಲ ಹಚ್ಚಿ ಕರೆಯುತ್ತೇವೆ, ಇನ್ನೊಬ್ಬನನ್ನು ಕಂಡರೆ ಗಿಡ ಕಿತ್ತು ಸುಡುತ್ತೇವೆ. ಎರಡರ ಅಂತರ ಬಹಳಷ್ಟು ಮಟ್ಟಿಗೆ ಪ್ಲಾಸ್ಮಿಡ್ಡಿನದು. ಆಸ್ಟ್ರೇಲಿಯಾದ ರಿಚರ್ಡ್ ಜೆಫರ್ಸನ್ ಅವರ ಕ್ಯಾಂಬಿಯಾ ಸಂಸ್ಥೆ 2005ರಲ್ಲಿ ಇದನ್ನು ಕೈಯಾರೆ ಮಾಡಿ ತೋರಿಸಿತು: ಟಿಐ ಪ್ಲಾಸ್ಮಿಡ್ಡನ್ನು ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾಗಳಿಗೆ ಕೊಟ್ಟರೆ ಅವೂ ಗಿಡಕ್ಕೆ ಜೀನು ಸಾಗಿಸಿದವು. ಆಗ್ರೋಬ್ಯಾಕ್ಟೀರಿಯಂ ಮೇಲಿನ ಪೇಟೆಂಟುಗಳ ಬೇಲಿಯನ್ನು ಸುತ್ತು ಹಾಕಿ ಹೋಗುವ ದಾರಿ ಹುಡುಕುವುದು ಅವರ ಉದ್ದೇಶವಾಗಿತ್ತು.

ಕರ್ನಾಟಕದ ಪ್ರಯೋಗಾಲಯಗಳು ಈ ಕೂಲಿಯಾಳನ್ನು ಚೆನ್ನಾಗಿ ಬಲ್ಲವು. ಸತ್ಯಮಂಗಲದ ಕಾಡಿನ ಹೆಸರಿಗೆ ಕಾಡುಗಳ್ಳ ವೀರಪ್ಪನ್ ದೆಸೆಯಿಂದ ಅಂಟಿಕೊಂಡ ಶ್ರೀಗಂಧವಿದೆಯಲ್ಲ, ಅದಕ್ಕೆ ಆಗ್ರೋಬ್ಯಾಕ್ಟೀರಿಯಂ ಮೂಲಕ ಗುರುತಿನ ಜೀನು ಸೇರಿಸಿದ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ 1998ರಲ್ಲಿ ಪ್ರಕಟವಾಯಿತು. ಕೆ. ಶಂಕರ ರಾವ್ ಅವರ ಅದೇ ಪ್ರಯೋಗಾಲಯ 2000ದಲ್ಲಿ ಕಡಲೆಕಾಯಿಗೆ ಒಂದು ಸರಳ ಉಪಾಯ ಹೇಳಿತು. ಅಲ್ಲಿಯವರೆಗಿನ ಪದ್ಧತಿಯೆಂದರೆ ಎಲೆಯನ್ನು ಬಿಲ್ಲೆಗಳಾಗಿ ಕತ್ತರಿಸಿ, ಬ್ಯಾಕ್ಟೀರಿಯಾದಲ್ಲಿ ಅದ್ದಿ, ಗಾಜಿನ ತಟ್ಟೆಯಲ್ಲಿ ಹಾರ್ಮೋನು ಕೊಟ್ಟು ತಿಂಗಳುಗಟ್ಟಲೆ ಸಾಕಿ ಹೊಸ ಗಿಡ ಎಬ್ಬಿಸುವುದು. ದ್ವಿದಳ ಬೆಳೆಗಳು ಇದಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಬೆಂಗಳೂರಿನವರು ತಟ್ಟೆಯ ಗೊಡವೆಯನ್ನೇ ಬಿಟ್ಟರು. ನೆನೆದ ಕಡಲೆ ಬೀಜದ ಎರಡು ಬೇಳೆಗಳಲ್ಲಿ ಒಂದನ್ನು ತೆಗೆದರೆ ಮೂಲೆಯಲ್ಲಿ ಕೊಕ್ಕಿನಂತೆ ಮೊಳಕೆ ಕಾಣುತ್ತದೆ. ಆ ಮೊಳಕೆಗೆ ಸೂಜಿಯಿಂದ ಚುಚ್ಚಿ, ಬ್ಯಾಕ್ಟೀರಿಯಾ ಬೆಳೆದ ನೀರಿನಲ್ಲಿ ಅದ್ದಿ, ನೆಟ್ಟುಬಿಡುವುದು. ಆ ಗಿಡದ ಎಲ್ಲ ಕೋಶಗಳಿಗೂ ಜೀನು ಸೇರಿರುವುದಿಲ್ಲ. ಅದರ ಬೀಜ ಬಿತ್ತಿ, ಮುಂದಿನ ತಲೆಮಾರಿನಲ್ಲಿ ಸೋಸಬೇಕು. ಕೈಕೆಲಸ ಹೆಚ್ಚು, ಖರ್ಚು ಕಡಿಮೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಬೆಳೆ ಶರೀರಕ್ರಿಯಾ ವಿಭಾಗದಲ್ಲಿ ಎಂ. ಉದಯಕುಮಾರ್ ಅವರ ಬಳಗವೂ ಇದೇ ಸೂಜಿಯ ದಾರಿಯನ್ನು ಹತ್ತಿ ಮತ್ತಿತರ ಬೆಳೆಗಳಿಗೆ ಒಗ್ಗಿಸಿತು. ಜೀನೋಮ್ ಓದುವ ಕೆಲಸಕ್ಕೆ ಬಂದರೆ, ಅದೇ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ತಂಡ 2017ರಲ್ಲಿ ಎಂಎಲ್-365 ಎಂಬ ರಾಗಿ ತಳಿಯ ಜೀನೋಮನ್ನು ಪ್ರಕಟಿಸಿದಾಗ ಅದರಲ್ಲಿ ಸಿಕ್ಕ ಜೀನುಗಳು 85 ಸಾವಿರದಷ್ಟು, ಬ್ಯಾಕ್ಟೀರಿಯಾದ ಸುಮಾರು ಹದಿನಾರು ಪಟ್ಟು. ಹದಿನಾರು ವರ್ಷಗಳಲ್ಲಿ ಓದುವ ಯಂತ್ರಗಳ ವೇಗ ಎಷ್ಟು ಏರಿತೆಂಬುದಕ್ಕೆ ಇದಕ್ಕಿಂತ ಹತ್ತಿರದ ಲೆಕ್ಕ ಬೇಡ.

ಪ್ರಯೋಗಾಲಯದ ಹೊರಗಿನ ಕಥೆ ಇಷ್ಟು ಶಾಂತವಾಗಿಲ್ಲ. 1998ರ ನವೆಂಬರ್ 28ರಂದು, ಎಂ.ಡಿ. ನಂಜುಂಡಸ್ವಾಮಿ ನಾಯಕತ್ವದ ಕರ್ನಾಟಕ ರಾಜ್ಯ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪರೀಕ್ಷಾ ಬೆಳೆಯನ್ನು ಕಿತ್ತು ಸುಟ್ಟಿತು. 2002ರ ಮಾರ್ಚಿನಲ್ಲಿ ಕೇಂದ್ರದ ಒಪ್ಪಿಗೆ ಬಂದೇಬಂತು. ಮಾನ್-531 ಎಂಬ ಆ ಹತ್ತಿಗೆ ಜೀನು ಸೇರಿಸಿದ್ದು ಆಗ್ರೋಬ್ಯಾಕ್ಟೀರಿಯಂ. ಸೇರಿಸಿದ್ದು ಕೋಕರ್ 312 ಎಂಬ ಅಮೆರಿಕದ ತಳಿಗೆ, ಏಕೆಂದರೆ ಗಾಜಿನ ತಟ್ಟೆಯಲ್ಲಿ ಸುಲಭವಾಗಿ ಗಿಡವಾಗಿ ಏಳುವ ಹತ್ತಿ ಅದು. ಅಲ್ಲಿಂದ ಸಂಕರದ ಮೂಲಕ ನಮ್ಮ ಹೈಬ್ರಿಡ್ಡುಗಳಿಗೆ ಬಂತು. ಸರಕಾರದ್ದೇ ಆದ ಬಿಟಿ ಹತ್ತಿ ಬೇಕೆಂದು ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಬಿಕಾನೇರಿ ನರ್ಮಾ ತಳಿಯನ್ನು ಇದೇ ಬ್ಯಾಕ್ಟೀರಿಯಾದಿಂದ ರೂಪಿಸಿದವು. ಬೀಜ ಉಳಿಸಿಕೊಂಡು ಮರುಬಿತ್ತನೆ ಮಾಡಬಹುದಾದ ತಳಿ. 2009ರಲ್ಲಿ ರೈತರ ಕೈಸೇರಿದ ಅದು ಹೆಚ್ಚು ಕಾಲ ಉಳಿಯಲಿಲ್ಲ. ಬೀಜದಲ್ಲಿ ಮೊನ್ಸಾಂಟೋದ ಮಾನ್-531 ಇರುವುದು ಪತ್ತೆಯಾಗಿ, ಎಸ್.ಕೆ. ಸೊಪೋರಿ ಸಮಿತಿ ತನಿಖೆ ನಡೆಸಿ 2012ರಲ್ಲಿ ಅದನ್ನು ಖಚಿತಪಡಿಸಿತು. ಜೀನು ಎಲ್ಲಿಯದೆಂದು ಅಷ್ಟು ನಿಖರವಾಗಿ ಹೇಳಲು ಆದದ್ದು ಟಿ-ಡಿಎನ್‌ಎಯ ಗುಣದಿಂದಲೇ. ಅದು ಪ್ರತಿ ಸಲವೂ ಗಿಡದ ವರ್ಣತಂತುವಿನಲ್ಲಿ ಬೇರೆಬೇರೆ ಜಾಗಕ್ಕೆ ಸೇರುವುದರಿಂದ, ಸೇರಿದ ಜಾಗದ ಎಡಬಲದ ಅಕ್ಷರಗಳೇ ಹೆಬ್ಬೆಟ್ಟಿನ ಗುರುತು.

ಬದನೆಯ ವಿಷಯಕ್ಕೆ ಬಂದರೆ, ಮಹಿಕೋ ಕಂಪನಿ ರೂಪಿಸಿದ ಬಿಟಿ ಬದನೆಯ ಜೀನನ್ನು ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ತನ್ನ ನಾಲ್ಕು ತಳಿಗಳಿಗೂ, ಧಾರವಾಡ ತನ್ನ ಆರು ತಳಿಗಳಿಗೂ ಸಂಕರದಿಂದ ತರಲು ಹೊರಟವು. ಧಾರವಾಡದ ಪಟ್ಟಿಯಲ್ಲಿ ಮಾಳಾಪುರ, ಕುಡಚಿ, ರಬಕವಿ ಬದನೆಗಳ ಜೊತೆ ಉಡುಪಿಯ ಗುಳ್ಳವೂ ಇತ್ತು. ಯತಿ ವಾದಿರಾಜರ ಹೆಸರಿನೊಂದಿಗೆ ಬೆಸೆದುಕೊಂಡ ಗುಳ್ಳಕ್ಕೆ ಹೊರಗಿನ ಜೀನು ಎಂದರೆ ಕರಾವಳಿಯಲ್ಲಿ ಸಿಟ್ಟೇಳದೆ ಇರುತ್ತದೆಯೇ. 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ ಬಿಟಿ ಬದನೆಗೆ ಹಸಿರು ನಿಶಾನೆ ಕೊಟ್ಟಿತು. ಪರಿಸರ ಸಚಿವ ಜೈರಾಂ ರಮೇಶ್ ಏಳು ಊರುಗಳಲ್ಲಿ ಜನಾಭಿಪ್ರಾಯ ಕೇಳಿದರು. ಕೊನೆಯದು ಬೆಂಗಳೂರಿನಲ್ಲಿ, 2010ರ ಫೆಬ್ರವರಿ 6ರಂದು. ಮೂರು ದಿನ ಕಳೆದು ಅವರು ಬಿಟಿ ಬದನೆಯನ್ನು ತಡೆಹಿಡಿದರು. ನಾಟಿ ಬದನೆಗಳನ್ನು ಕಾನೂನಿನ ಅನುಮತಿ ಪಡೆಯದೆ ಬಳಸಲಾಗಿದೆ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ದೂರು ಕೊಟ್ಟಿತು, 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ತೀರ್ಮಾನಿಸಿತು. ಜಗಳದ ತಿರುಳು ಬ್ಯಾಕ್ಟೀರಿಯಾ ಆಗಿರಲೇ ಇಲ್ಲ. ಕುಡಚಿಯ ಬದನೆ ಯಾರದ್ದು ಎಂಬ ಪ್ರಶ್ನೆಗೆ 56.7 ಲಕ್ಷ ಅಕ್ಷರಗಳಲ್ಲಿ ಉತ್ತರ ಹುಡುಕಿದರೆ ಸಿಗುವುದಾದರೂ ಹೇಗೆ. ಬಾಂಗ್ಲಾದೇಶ ಮಾತ್ರ 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟು ಮುಂದಿನ ವರ್ಷ ರೈತರಿಗೆ ಸಸಿ ಹಂಚಿತು.

ಪ್ರಕೃತಿಗೆ ವಿರುದ್ಧ ಎಂಬ ವಾದವನ್ನು ಮಾತ್ರ ಜೀನೋಮಿನ ಓದು ಸಡಿಲಗೊಳಿಸಿದೆ. 2015ರಲ್ಲಿ ಗೆಂಟ್ ವಿಶ್ವವಿದ್ಯಾಲಯ ಮತ್ತು ಪೆರು ದೇಶದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದವರು 291 ಬಗೆಯ ಸಿಹಿಗೆಣಸನ್ನು ಪರೀಕ್ಷಿಸಿದಾಗ ಒಂದೂ ಬಿಡದೆ ಎಲ್ಲದರಲ್ಲೂ ಆಗ್ರೋಬ್ಯಾಕ್ಟೀರಿಯಂನ ಡಿಎನ್‌ಎ ಸಿಕ್ಕಿತು. ಸಾವಿರಾರು ವರ್ಷಗಳ ಹಿಂದೆ ಯಾವುದೋ ಗಾಯದಿಂದ ಹೊಕ್ಕದ್ದು ಗಿಡದ ವಂಶದಲ್ಲೇ ಉಳಿದುಕೊಂಡಿದೆ. 2019ರಲ್ಲಿ ರಷ್ಯಾದ ತತ್ಯಾನಾ ಮತ್ವೆಯೆವಾ ಮತ್ತು ಫ್ರಾನ್ಸಿನ ಲಿಯೋನ್ ಓಟೆನ್ ಪ್ರಕಟವಾದ ಜೀನೋಮುಗಳನ್ನೆಲ್ಲ ಜಾಲಾಡಿ ಇಂಥ ಇನ್ನಷ್ಟು ಗಿಡಗಳನ್ನು ಪಟ್ಟಿಮಾಡಿದರು. ಚಹಾ ಅದರಲ್ಲಿತ್ತು, ಕಡಲೆಕಾಯಿಯೂ ಇತ್ತು. ಸಂಕ್ರಾಂತಿಯ ದಿನ ಹಳೇ ಮೈಸೂರಿನ ಮನೆಗಳಲ್ಲಿ ಬೇಯುವ ಗೆಣಸು, ಅವರೆಕಾಯಿ, ಕಡಲೆಕಾಯಿಗಳ ಪಾತ್ರೆಯಲ್ಲಿ ಹೀಗೆ ಎರಡು ಹುಟ್ಟು ಕುಲಾಂತರಿಗಳು. ಬೆಂಗಳೂರಿನವರು ಸೂಜಿ ಚುಚ್ಚಿದ ಕಡಲೆಕಾಯಿಗೆ ಆ ಬ್ಯಾಕ್ಟೀರಿಯಾ ಹೊಸ ನೆಂಟನೇನೂ ಆಗಿರಲಿಲ್ಲ. ಹಾಗೆಂದು ಇದು ಯಾವ ಹೊಸ ಬೆಳೆಗೂ ಪ್ರಮಾಣಪತ್ರವಲ್ಲ. ಗೆಣಸು ಹೊತ್ತದ್ದು ಬ್ಯಾಕ್ಟೀರಿಯಾದ ಸ್ವಂತ ಜೀನುಗಳನ್ನು, ಕೀಟ ಕೊಲ್ಲುವ ಜೀನನ್ನಲ್ಲ.

ಆಹಾರದಲ್ಲಿ ಕುಲಾಂತರಿ ಅಂಶವಿದೆಯೇ ಎಂದು ನೋಡುವ ಪರೀಕ್ಷಾಲಯಗಳು ಸಾಮಾನ್ಯವಾಗಿ ಹುಡುಕುವ ಚೂರುಗಳಲ್ಲಿ ಒಂದು ನಾಸ್ ಟರ್ಮಿನೇಟರ್. ಅದು ಆಪೈನ್ ಮಾಡುವ ಜೀನಿನ ಬಾಲ, ಅಂದರೆ ಇದೇ ಬ್ಯಾಕ್ಟೀರಿಯಾದ ಆಸ್ತಿ. ಕಳೆನಾಶಕ ತಡೆಯುವ ಸೋಯಾದ ಕಥೆ ಇನ್ನೂ ತಮಾಷೆಯದು. ತಡೆಯುವ ಜೀನು ಬಂದದ್ದು ಸಿಪಿ4 ಎಂಬ ಆಗ್ರೋಬ್ಯಾಕ್ಟೀರಿಯಂ ತಳಿಯಿಂದ. ಅದನ್ನು ಸೋಯಾಕ್ಕೆ ಸೇರಿಸಲು ಮಾತ್ರ ಬ್ಯಾಕ್ಟೀರಿಯಾದ ಸಹಾಯ ಕೇಳಲಿಲ್ಲ, ಜೀನು ಸವರಿದ ಲೋಹದ ಕಣಗಳನ್ನು ಬಂದೂಕಿನಿಂದ ಹೊಡೆದರು. 2025ರ ಮೇ ತಿಂಗಳಲ್ಲಿ ಭಾರತ ಎರಡು ಜೀನೋಮ್ ತಿದ್ದುಪಡಿಯ ಭತ್ತದ ತಳಿಗಳನ್ನು ಪ್ರಕಟಿಸಿತು. ಇಂಥ ಕೆಲಸದಲ್ಲಿ ಆಗ್ರೋಬ್ಯಾಕ್ಟೀರಿಯಂನ ಪಾತ್ರ ಸಾಮಾನ್ಯವಾಗಿ ಡಿಎನ್‌ಎ ಕತ್ತರಿಸುವ ಕತ್ತರಿಯ ಜೀನನ್ನು ಹೊತ್ತು ತರುವುದು. ತಿದ್ದುಪಡಿ ಮುಗಿದ ಮೇಲೆ ಮುಂದಿನ ತಲೆಮಾರಿನಲ್ಲಿ ಕತ್ತರಿಯ ಜೀನು ಇಲ್ಲದ ಗಿಡಗಳನ್ನು ಆರಿಸಿಕೊಳ್ಳುತ್ತಾರೆ. ನಾಸ್ ಹುಡುಕುವ ಪರೀಕ್ಷೆಗೆ ಆಗ ಏನೂ ಸಿಗುವುದಿಲ್ಲ.

ಬ್ಯಾಕ್ಟೀರಿಯಾದ ಹೆಸರೇ ಈ ನಡುವೆ ಅಲುಗಾಡಿದೆ. ರೈಜೋಬಿಯಂಗೆ ಇಷ್ಟು ಹತ್ತಿರವೆಂದ ಮೇಲೆ ಅದೇ ಕುಲಕ್ಕೆ ಸೇರಿಸಿ ಎಂದು ಕೆಲವರು 2001ರಲ್ಲೇ ವಾದಿಸಿದರು. 2011ರಲ್ಲಿ ಸಿ58ಕ್ಕೆ ಆಗ್ರೋಬ್ಯಾಕ್ಟೀರಿಯಂ ಫ್ಯಾಬ್ರಮ್ ಎಂಬ ಬೇರೆ ಹೆಸರು ಬಂತು. ಲ್ಯಾಟಿನ್ನಿನಲ್ಲಿ ಫೇಬರ್ ಎಂದರೆ ಕಮ್ಮಾರ, ಕುಶಲಕರ್ಮಿ. ಪ್ರಯೋಗಾಲಯದವರು ಹಳೆಯ ಹೆಸರು ಬಿಡಲಿಲ್ಲ, ಆಗ್ರೋ ಎಂದಷ್ಟೇ ಕರೆದು ಸುಮ್ಮನಾಗುತ್ತಾರೆ.

ರೋಗವಾಗಿ ಅದು ಈಗಲೂ ತಿರುಗಾಡುತ್ತಿದೆ, ಮುಖ್ಯವಾಗಿ ನರ್ಸರಿ ಗಿಡಗಳ ಬೇರಿನಲ್ಲಿ. ಅಮೆರಿಕದ ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದವರು ಹಲವು ದಶಕಗಳಲ್ಲಿ ಸಂಗ್ರಹವಾದ ತಳಿಗಳ ಜೀನೋಮ್ ಓದಿ 2020ರಲ್ಲಿ ಹೇಳಿದ್ದು: ಗಂಟು ಬರಿಸುವ ಪ್ಲಾಸ್ಮಿಡ್ಡುಗಳ ಮನೆತನಗಳು ಎಣಿಕೆಗೆ ಸಿಗುವಷ್ಟೇ, ಅವೇ ಸಸಿ ವ್ಯಾಪಾರದ ಜೊತೆ ದೇಶದಿಂದ ದೇಶಕ್ಕೆ ಹೋಗಿವೆ. ಸೆಕೆಯನ್ನು ಈ ಬ್ಯಾಕ್ಟೀರಿಯಾ ತಾಳುವುದಿಲ್ಲ. ಜೀನು ಸಾಗಿಸುವ ಕೊಳವೆ 28 ಡಿಗ್ರಿ ದಾಟಿದರೆ ಸೊರಗುತ್ತದೆ. ಸಿ58ನ್ನು 36-37 ಡಿಗ್ರಿಯಲ್ಲಿ ಬೆಳೆಸಿದರೆ ಟಿಐ ಪ್ಲಾಸ್ಮಿಡ್ಡನ್ನೇ ಕಳೆದುಕೊಂಡು ಸಾಧುವಾಗುತ್ತದೆ. ಆ ಲೆಕ್ಕದಲ್ಲಿ ಸತ್ಯಮಂಗಲದ ಬಯಲಿಗಿಂತ ತಾಳವಾಡಿಯ ತಂಪು ಅದಕ್ಕೆ ಹಿತ. ಆಸ್ಟ್ರೇಲಿಯಾದ ಆಲನ್ ಕೆರ್ 1970ರ ದಶಕದಲ್ಲಿ ಕೆ84 ಎಂಬ ಸಾಧು ತಳಿಯನ್ನು ಇದರ ಮೇಲೆ ಛೂಬಿಟ್ಟರು. ಅದು ಉಗುಳುವ ವಿಷ ನೋಡಲು ಆಪೈನಿನಂತೆಯೇ ಇರುತ್ತದೆ. ಊಟವೆಂದು ಆಸೆಯಿಂದ ಒಳಗೆಳೆದುಕೊಂಡ ಗಂಟಿನ ಬ್ಯಾಕ್ಟೀರಿಯಾ ಸಾಯುತ್ತದೆ. ನಾಟಿಗೆ ಮೊದಲು ಸಸಿಯ ಬೇರನ್ನು ಕೆ84 ಬೆರೆಸಿದ ನೀರಿನಲ್ಲಿ ಅದ್ದುವುದು ಪದ್ಧತಿ. ದ್ರಾಕ್ಷಿಯ ಬುಡಗಂಟಿಗೆ ಇದು ನಾಟುವುದಿಲ್ಲ. ಅಲ್ಲಿರುವುದು ಹೆಚ್ಚಾಗಿ ಆಗ್ರೋಬ್ಯಾಕ್ಟೀರಿಯಂ ವಿಟಿಸ್ ಎಂಬ ಬೇರೆ ಪ್ರಭೇದ. ಗಂಟು ಎದ್ದ ಗಿಡಕ್ಕಂತೂ ಔಷಧಿಯಿಲ್ಲ. ಬ್ಯಾಕ್ಟೀರಿಯಾ ಸತ್ತರೂ ಜೀನು ಗಿಡದ ಕೋಶದಲ್ಲಿದೆ. ಗಿಡವನ್ನು ಬೇರುಸಹಿತ ಕಿತ್ತು ಸುಡುವುದು, ಕಸಿ ಕತ್ತಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ತೊಳೆಯುವುದು, ನರ್ಸರಿಯಲ್ಲಿ ಗುಲಾಬಿ ಸಸಿ ಕೊಳ್ಳುವಾಗ ಹೂವಿಗಿಂತ ಮೊದಲು ಬುಡದ ಮಣ್ಣು ಸರಿಸಿ ಬೆರಳಾಡಿಸಿ ನೋಡುವುದು. ಮಾಡಲಿಕ್ಕೆ ಇರುವುದು ಇಷ್ಟೇ.